ಪೋಸ್ಟರ್‌ಗಿಂತ ಮೊದಲು ಫೈಲು

ಟಿವಿಗೆ ಬರೋದಿಲ್ಲ ಸರ್, ಮಾನವ ಹಕ್ಕುಗಳ ಸಂಸ್ಥೆಯಲ್ಲಿ ಕಮ್ಯುನಿಕೇಷನ್ಸ್ ಇಂಟರ್ನ್ ಆಗ್ತೀನಿ ಅನ್ನುವ ಪತ್ರಿಕೋದ್ಯಮದ ವಿದ್ಯಾರ್ಥಿಗಳು ಈಗ ಧಾರವಾಡದಲ್ಲೂ ಸಿಗ್ತಾರೆ. ಒಳ್ಳೆಯದೇ. ಅಲ್ಲಿ ಹೋಗಿ ಏನು ಮಾಡ್ತೀರಿ ಅಂದರೆ ಉತ್ತರ ಮಾತ್ರ ಒಂದೇ: ಪೋಸ್ಟರ್, ರೀಲ್ಸ್, ಪ್ರೆಸ್ ನೋಟ್. ಮನೆಯಲ್ಲಿ ಅಪ್ಪ-ಅಮ್ಮನಿಗಂತೂ ಇದು ಸಂಬಳವಿಲ್ಲದ ಸಮಾಜಸೇವೆ. ಹಾಗಾಗಿ ಈ ಕೆಲಸವನ್ನ ಸ್ವಲ್ಪ ಬಿಡಿಸಿ ನೋಡೋಣ.

ಉದಾಹರಣೆಗೆ ದೂರ ಹೋಗೋದು ಬೇಡ. ಧಾರವಾಡದಲ್ಲೇ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದೆ, 1984ರಲ್ಲಿ ಶುರುವಾದದ್ದು. ಅದೇ ವರ್ಷ ರಾಜ್ಯ ಸರ್ಕಾರ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಜಮೀನನ್ನು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಕಂಪನಿಗೆ ಕೊಡಲು ಹೊರಟಿತ್ತು. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಬೇಕಾದ ನೀಲಗಿರಿಯನ್ನ ಅಲ್ಲಿ ಬೆಳೆಸಬೇಕಿತ್ತು. ಕಾಗದದ ಮೇಲೆ ಅದು ಪಾಳುಭೂಮಿ. ಊರಿನವರಿಗೆ ದನ ಮೇಯಿಸುವ, ಉರುವಲು ತರುವ ಜಾಗ. ಶಿವರಾಮ ಕಾರಂತರು ಈ ಸಂಸ್ಥೆಯ ಜೊತೆ ನಿಂತು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಕೇಸು ಕೋರ್ಟಿನಲ್ಲಿದ್ದಾಗಲೇ, 1987ರ ನವೆಂಬರ್ 14ರಂದು, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ, ಅದು ಧಾರವಾಡ ಜಿಲ್ಲೆಯೇ. ಜನ ಒಂದಿಷ್ಟು ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡ ನೆಟ್ಟರು.

ಅದಕ್ಕಿಟ್ಟ ಹೆಸರು 'ಕಿತ್ತಿಕೋ-ಹಚ್ಚಿಕೋ'. ಬೆಂಗಳೂರಿನವರು ಏನನ್ನ ಹಚ್ಚೋದು, ದೀಪಾನಾ ಅಂತ ಕೇಳಬಹುದು. ಧಾರವಾಡದ ಕಡೆ ಗಿಡ ಹಚ್ಚೋದು ಅಂದರೆ ನೆಡೋದು. ಎರಡೇ ಪದ. ವಿರೋಧವೂ ಅದರಲ್ಲಿದೆ, ಬೇಡಿಕೆಯೂ ಅದರಲ್ಲಿದೆ, ಓದು ಬಾರದ ಮುದುಕಿಗೂ ಅರ್ಥ ಆಗುತ್ತೆ. ನನ್ನನ್ನ ಕೇಳಿದರೆ ಕಮ್ಯುನಿಕೇಷನ್ಸ್ ತರಗತಿಯ ಮೊದಲ ದಿನದ ಪಾಠ ಇದೇ ಆಗಬೇಕು.

ಆದರೆ ಘೋಷಣೆ ಒಂದೇ ಗೆಲ್ಲಿಸಲಿಲ್ಲ. ಯಾವ ಜಮೀನು, ಎಷ್ಟು, ಯಾವ ಆದೇಶದಡಿ ಅನ್ನೋ ಕಾಗದ ಜೊತೆಗಿತ್ತು. 1991ರಲ್ಲಿ ಆ ಕಂಪನಿಯನ್ನ ಮುಚ್ಚಲು ಸರ್ಕಾರವೇ ತೀರ್ಮಾನಿಸಿತು. ಮುಂದೆ 2009ರಲ್ಲಿ ಬಳ್ಳಾರಿ ಗಣಿಗಾರಿಕೆ ವಿರುದ್ಧ ಇದೇ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 2011ರಲ್ಲಿ ಗಣಿಗಾರಿಕೆ ನಿಂತಿತು, 2013ರ ಏಪ್ರಿಲ್ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ಕಂಡ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ನಾವು ಟಿವಿಯವರು ಕೆಂಪು ಧೂಳು, ಲಾರಿಗಳ ಸಾಲು ತೋರಿಸಿದೆವು. ಕೋರ್ಟು ನೋಡಿದ್ದು ಗುತ್ತಿಗೆಯ ಗಡಿಯನ್ನ, ಸರ್ವೆ ನಕ್ಷೆಯನ್ನ.

ಇಂಟರ್ನ್ ಕೂರೋದು ಈ ಎರಡರ ನಡುವೆ. ಒಬ್ಬ ಅಜ್ಜಿ 'ನಮ್ಮನ್ನ ಹೊರಗ ಹಾಕ್ಯಾರ್ರೀ' ಅಂದಳು ಅಂದುಕೊಳ್ಳಿ. ವರದಿ ಹೋಗಬೇಕಾದದ್ದು ಇಂಗ್ಲಿಷಿನಲ್ಲಿ. ನೀವು 'ಫೋರ್ಸ್ಡ್ ಎವಿಕ್ಷನ್' ಅಂತ ಟೈಪ್ ಮಾಡಿಬಿಟ್ಟರೆ ಅದಕ್ಕೆ ಕಾನೂನಿನ ತೂಕ ಬಂತು. ಹೊರಗೆ ಹಾಕಿದ್ದು ಯಾರು? ತಹಸೀಲ್ದಾರರಾ, ಮನೆ ಮಾಲೀಕನಾ, ಸ್ವಂತ ಮಗನಾ? ನೋಟಿಸ್ ಬಂದಿತ್ತಾ? ಇದೊಂದನ್ನೂ ಕೇಳದೆ ಬರೆದರೆ ಮಾರನೇ ದಿನ ಅಧಿಕಾರಿ ಎದ್ದು ನಿಂತು 'ಸುಳ್ಳು' ಅಂತಾನೆ, ಅಜ್ಜಿಯ ನಿಜವೂ ಅದರ ಜೊತೆಗೆ ಕೊಚ್ಚಿಹೋಗುತ್ತೆ. ಧಾರವಾಡದ ಹುಡುಗಿಗೆ ಇಲ್ಲಿ ದೆಹಲಿಯವರಿಗಿಂತ ಒಂದು ಕೈ ಮೇಲು. ಆ ಮಾತಿನ ವಜನು ಅವಳಿಗೆ ಗೊತ್ತು.

ಹೆಸರಿನ ವಿಷಯಕ್ಕೆ ಬನ್ನಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು. ಮಕ್ಕಳಾದರೆ ಪೋಕ್ಸೋ ಕಾಯ್ದೆಯ 23ನೇ ಕಲಂ ಇದೆ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ದೂರದಿಂದಲೂ ಗುರುತು ಸಿಗುವಂಥ ವಿವರ ಕೊಡಬೇಡಿ ಅಂದಿತು. ಮುಖ ಮಸುಕು ಮಾಡಿದರೆ ಮುಗೀತು ಅಂದುಕೊಳ್ಳೋರು ಬಹಳ, ನಮ್ಮ ವೃತ್ತಿಯಲ್ಲೂ ಇದ್ದಾರೆ. ಇನ್ನೂರು ಮನೆಯ ಊರಲ್ಲಿ ತಂದೆಯ ಕೆಲಸ, ಬಾಗಿಲ ಬಣ್ಣ, ಶಾಲೆಯ ಕಾಂಪೌಂಡು ಕಂಡರೆ ಮುಖ ಯಾಕೆ ಬೇಕು?

ಒಪ್ಪಿಗೆಯೂ ಹಾಗೇ. ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಈ ಫೋಟೊ ನಿಮ್ಮ ಬೀಗರ ವಾಟ್ಸಾಪ್‌ಗೂ ಹೋಗಬಹುದು, ಆಗಲೂ ಅಡ್ಡಿಯಿಲ್ಲವಾ ಅಂತ ಕೇಳಬೇಕು. ಬೇಡ ಅಂದರೆ, ಎಷ್ಟೇ ಚೆನ್ನಾದ ಫೋಟೊ ಇರಲಿ, ಬಿಡಬೇಕು. ದೇಣಿಗೆ ಕಡಿಮೆ ಬರಬಹುದು. ಬರಲಿ.

ಇನ್ನು ದಿನನಿತ್ಯದ ಕೆಲಸ. ಮಾಹಿತಿ ಹಕ್ಕು ಅರ್ಜಿ ಬರೆಯೋದು, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಜೀವ, ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡೋದಾದರೆ ಘಟನೆ ನಡೆದು ಒಂದು ವರ್ಷ ದಾಟಬಾರದು, ಅದು 1993ರ ಕಾಯ್ದೆಯಲ್ಲೇ ಇರುವ ಮಿತಿ. ರಾಜ್ಯ ಆಯೋಗದ ಮುಂದಿರುವ ವಿಷಯವನ್ನ ರಾಷ್ಟ್ರೀಯ ಆಯೋಗ ಎತ್ತಿಕೊಳ್ಳೋದಿಲ್ಲ. ಆಯೋಗ ಕೊಡೋದು ಶಿಫಾರಸು, ಕೋರ್ಟಿನ ತೀರ್ಪಲ್ಲ. ಪ್ರೆಸ್ ನೋಟಿನಲ್ಲಿ 'ಆಯೋಗ ಶಿಕ್ಷೆ ಕೊಡಲಿದೆ' ಅಂತ ಬರೆದರೆ ನೊಂದವರಿಗೆ ಸುಳ್ಳು ಆಸೆ ಹುಟ್ಟಿಸಿದ ಹಾಗೆ.

ದುಡ್ಡಿನ ಮಾತು ಆಡಲೇಬೇಕು. ಇಂಥ ಎಷ್ಟೋ ಇಂಟರ್ನ್‌ಶಿಪ್‌ಗಳಲ್ಲಿ ಸ್ಟೈಪೆಂಡ್ ಇರೋದಿಲ್ಲ, ಅಥವಾ ಚಿಗರಿ ಬಸ್ಸಿನ ಟಿಕೆಟ್ಟು, ಊಟಕ್ಕೆ ಸರಿಹೋಗುತ್ತೆ. ಹೀಗಾದರೆ ಉಳ್ಳವರ ಮಕ್ಕಳೇ ಬಡವರ ಹಕ್ಕಿನ ಬಗ್ಗೆ ಬರೆಯೋ ಸ್ಥಿತಿ ಬರುತ್ತೆ. ಹಕ್ಕಿನ ಮಾತಾಡುವ ಸಂಸ್ಥೆಗೆ ಇದನ್ನ ಕೇಳೋದರಲ್ಲಿ ಸಂಕೋಚ ಏನು? ತಿಂಗಳಿಗೆ ಎಷ್ಟು ಕೊಡ್ತೀರಿ, ಹಳ್ಳಿಗೆ ಹೋದಾಗ ಜೊತೆಗೆ ಯಾರು ಬರ್ತಾರೆ, ನಾನು ಬರೆದದ್ದನ್ನ ಹೊರಗೆ ಹೋಗೋ ಮುಂಚೆ ಯಾರು ನೋಡ್ತಾರೆ ಅಂತ ಸೇರುವ ಮೊದಲೇ ಕೇಳಿ. ಉತ್ತರ ಬಾಯಿಮಾತಲ್ಲಿ ಬೇಡ, ಈಮೇಲ್‌ನಲ್ಲಿ ಬರೆಸಿಕೊಳ್ಳಿ.