ಬ್ಯಾಟರಿಯ ಮೇಲೆ ಕೂರಿಸಿದ ಗೂಬೆ

ಹಳೇ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೆ ಮುನಿಸಿಕೊಂಡರೆ ರಾಮನಗರವಾಗಲಿ, ಮಾಗಡಿಯಾಗಲಿ, ಸಿಗುವ ತೀರ್ಪು ಒಂದೇ: ‘ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ ಸಾರ್.’ ತೀರ್ಪಿನ ವೇಗ ನೋಡಿದರೇ ವಿಚಾರಣೆ ನಡೆದಿಲ್ಲವೆಂದು ತಿಳಿಯುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಅದೇ ವರ್ಷ ನಿಂತ ಮಾರುತಿ 800, ಇಲ್ಲೇ ಬಿಡದಿಯಲ್ಲಿ ತಯಾರಾದ ಕ್ವಾಲಿಸ್, ಇವೆಲ್ಲ ಈಗ ವಯಸ್ಸಾದ ಗಾಡಿಗಳು. ಇವುಗಳಲ್ಲಿ ವಯಸ್ಸು ಮೊದಲು ಕಾಣಿಸಿಕೊಳ್ಳುವುದು ಬ್ಯಾಟರಿಯಲ್ಲಲ್ಲ. ಬ್ಯಾಟರಿಯನ್ನು ನಾಲ್ಕಾರು ವರ್ಷಕ್ಕೊಮ್ಮೆ ಬದಲಿಸುತ್ತಲೇ ಇರುತ್ತೇವೆ. ಕಾರಿನಷ್ಟೇ ಹಳೆಯದಾಗಿ ಉಳಿಯುವುದು ತಂತಿ, ಅದರ ತುದಿಯ ಲಗ್ಗು, ಬಾಡಿಗೆ ಕೂರಿಸಿದ ಅರ್ತ್ ಬೋಲ್ಟು. ವೋಲ್ಟ್ ಸೋರುವುದು ಹೆಚ್ಚಾಗಿ ಈ ಕೀಲುಗಳಲ್ಲಿ. ಹಾಗಾಗಿ ಯಾವ ಭಾಗ ಕೊಳ್ಳಬೇಕು ಎಂಬುದಕ್ಕಿಂತ ಮೊದಲು ಕೇಳಬೇಕಾದ್ದು, ಎಲ್ಲಿ ವೋಲ್ಟ್ ಕಳೆದುಹೋಗುತ್ತಿದೆ ಎಂದು.

ಲೆಕ್ಕ ಸರಳ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಮೋಟಾರು ಎಂಜಿನ್ ತಿರುಗಿಸುವಾಗ ಸಣ್ಣ ಪೆಟ್ರೋಲ್ ಕಾರಿನಲ್ಲೂ 150 ಆಂಪಿಯರ್ ಎಳೆಯಬಹುದು. ದಾರಿಯಲ್ಲೊಂದು ತುಕ್ಕು ಹಿಡಿದ ಕೀಲು ಬರೀ 0.01 ಓಮ್ ತಡೆ ಒಡ್ಡಿದರೂ 1.5 ವೋಲ್ಟ್ ಅಲ್ಲೇ ಶಾಖವಾಗಿ ಹೋಗುತ್ತದೆ. ಹಾಗಿದ್ದೂ, ಬೀಗದಕೈ ತಿರುಗಿಸದೆ ಮೀಟರ್ ಹಿಡಿದರೆ ಅದೇ ಕೀಲಿನಾಚೆಯೂ 12.6 ಇರುತ್ತದೆ. ಒಂದೇ ಎಳೆ ಉಳಿದ ಕೇಬಲ್ ಕೂಡ ಪಾಸಾಗುವ ಪರೀಕ್ಷೆ ಅದು. ‘ಮೀಟರ್ ನಂಬಬೇಡಿ’ ಎನ್ನುವ ಹಳೇ ಎಲೆಕ್ಟ್ರಿಷಿಯನ್ನರ ಮಾತು ಅರ್ಧ ಸರಿ. ನಂಬಬಾರದ್ದು ಮೀಟರನ್ನಲ್ಲ, ಕರೆಂಟು ಹರಿಯದಿರುವಾಗ ಹಿಡಿದ ಮೀಟರನ್ನು. ಮೀಟರೇ ಇಲ್ಲದವರಿಗೆ ಹೆಡ್‌ಲೈಟ್ ಇದೆ. ಅದನ್ನು ಹಾಕಿ ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಸತ್ತು ಟಕಟಕ ಶಬ್ದ ಬಂದರೆ ಬ್ಯಾಟರಿ ಖಾಲಿ, ಇಲ್ಲವೇ ಅದರ ಟರ್ಮಿನಲ್ ಸಡಿಲ. ಲೈಟ್ ಕದಲದೆ ಸೆಲ್ಫೂ ಮೌನವಾಗಿದ್ದರೆ ಇಗ್ನಿಷನ್ ಸ್ವಿಚ್, ಸೊಲೆನಾಯ್ಡಿನ ಸಣ್ಣ ವೈರು ಅಥವಾ ಸೆಲ್ಫಿನ ಕಾರ್ಬನ್ ಬ್ರಷ್ ನೋಡಬೇಕು. ಲೈಟಿಗೆ ಹೆಚ್ಚೇನೂ ಆಗದೆ ಸೆಲ್ಫ್ ಮಾತ್ರ ಏದುಸಿರು ಬಿಟ್ಟು ತಿರುಗಿದರೆ ನನ್ನ ಅನುಮಾನ ಅರ್ತಿನ ಮೇಲೆ.

ಅರ್ತ್ ಎಂದರೆ ಹೆಚ್ಚಿನವರು ಬ್ಯಾಟರಿಯಿಂದ ಬಾಡಿಗೆ ಹೋಗುವ ಕೇಬಲ್ ಅಷ್ಟೇ ನೋಡುತ್ತಾರೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯದು. ಅದಕ್ಕೇ ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಎಣ್ಣೆ, ಧೂಳು, ಅಲುಗಾಟಕ್ಕೆ ಅದು ತುಂಡಾದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಚೋಕ್ ವೈರೋ ಆಕ್ಸಿಲರೇಟರ್ ಕೇಬಲ್ಲೋ ಸಿಕ್ಕಿದರೆ ಅದರಲ್ಲೇ ನುಗ್ಗುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ವೈರು ಬಿಸಿಯಾಗಿ ಹೊಗೆಯಾಡಿದರೆ ದೋಷ ಚೋಕಿನದಲ್ಲ. ಪರೀಕ್ಷೆಗೆ ಒಂದು ಜಂಪರ್ ಕೇಬಲ್ ಸಾಕು: ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಬ್ಯಾಟರಿಯ ಮೈನಸ್‌ನಿಂದ ನೇರ ಎಂಜಿನ್ ಬ್ಲಾಕಿಗೆ ಕೊಟ್ಟು ಸೆಲ್ಫ್ ಹೊಡೆದಾಗ ಚುರುಕಾಗಿ ತಿರುಗಿದರೆ ಕಳ್ಳ ಸಿಕ್ಕಿದ.

ಇಲ್ಲೊಂದು ಅಡ್ಡದಾರಿ ಹಿಡಿಯದೆ ಮನಸ್ಸು ನಿಲ್ಲದು. ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡಿನಂಥ ಅಂದಿನ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಕೂತಿರುತ್ತಿದ್ದುದು ಮೈನಸ್ ಅಲ್ಲ, ಪ್ಲಸ್. 1960ರ ದಶಕದ ನಡುವಿನವರೆಗೆ ಅಲ್ಲಿ ಇದೇ ಪದ್ಧತಿ. ಆಲ್ಟರ್ನೇಟರ್, ಟ್ರಾನ್ಸಿಸ್ಟರ್ ಬಂದ ಮೇಲೆ ಎಲ್ಲರೂ ಮೈನಸ್ ಅರ್ತಿಗೆ ತಿರುಗಿದರು. ಅಂಥ ಹಳೇ ಗಾಡಿಗೆ ಯಾರೋ ಬ್ಯಾಟರಿ ತಿರುಗಿಸಿ ಹಾಕಿ, ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರು ಅದಲುಬದಲು ಮಾಡುವುದನ್ನು ಮರೆತರೆ ಏನಾಗುತ್ತದೆ? ಕಾರು ಓಡುತ್ತದೆ, ಆದರೆ ಕಿಡಿ ದುರ್ಬಲ. ಪ್ಲಗ್ಗಿನ ನಡುಗಡ್ಡಿ ಅದರ ಅಂಚಿಗಿಂತ ಬಿಸಿ. ಬಿಸಿ ಲೋಹದಿಂದ ಎಲೆಕ್ಟ್ರಾನು ಸುಲಭವಾಗಿ ಹಾರುತ್ತದೆ. ನಡುಗಡ್ಡಿ ಮೈನಸ್ ಆಗಿದ್ದರೆ ಕಡಿಮೆ ವೋಲ್ಟಿಗೇ ಕಿಡಿ, ಪ್ಲಸ್ ಆಗಿದ್ದರೆ ಹೆಚ್ಚು ಬೇಕು. ಇದನ್ನು ಕಂಡುಹಿಡಿಯಲು ಹಳಬರು ಬಳಸುತ್ತಿದ್ದುದು ಸೀಸದ ಕಡ್ಡಿಯ ಪೆನ್ಸಿಲ್. ಪ್ಲಗ್ ವೈರನ್ನು ಪ್ಲಗ್ಗಿನಿಂದ ಕೊಂಚ ದೂರ ನಿಲ್ಲಿಸಿ, ಹಾರುವ ಕಿಡಿಯ ನಡುವೆ ಪೆನ್ಸಿಲ್ ಮೊನೆ ತೋರಿಸುವುದು. ಮೊನೆಗೂ ಪ್ಲಗ್ಗಿಗೂ ನಡುವೆ ಕಿಡಿ ಅರಳಿದರೆ ಸಂಪರ್ಕ ಸರಿ. ವೈರಿನ ಕಡೆ ಅರಳಿದರೆ ಕಾಯಿಲ್ ತಿರುಗುಮುರುಗು. ಪಾಯಿಂಟ್, ಕಂಡೆನ್ಸರ್ ಇರುವ ಹಳೇ ಗಾಡಿಗೆ ಮಾತ್ರ ಈ ಆಟ, ಅದೂ ಪಳಗಿದ ಕೈಗೆ. ಸಾವಿರಾರು ವೋಲ್ಟಿನ ಈ ಕಿಡಿ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನು ಸುಟ್ಟೀತು. ಪೆನ್ಸಿಲ್ಲಿನ ಮೇಲಿನ ಮೋಹ ಇಷ್ಟು ಸಾಕು, ಆದರೆ ಗಮನಿಸಿ: ಈ ಕಾರಿಗೆ ಹೊಸ ಬ್ಯಾಟರಿ, ಹೊಸ ಕಾಯಿಲ್, ಹೊಸ ಪ್ಲಗ್ ಎಲ್ಲ ಹಾಕಿಸಿದರೂ ಚಳಿಗಾಲದ ಬೆಳಿಗ್ಗೆ ಅದು ತಕರಾರು ತೆಗೆಯುತ್ತಲೇ ಇರುತ್ತದೆ.

ಬ್ಯಾಟರಿ ಪಕ್ಷದ ವಾದಗಳೂ ಬಲವಾಗಿಯೇ ಇವೆ. ‘ತಳ್ಳಿದರೆ ಸ್ಟಾರ್ಟ್ ಆಯಿತಲ್ಲ, ಅಂದರೆ ಬ್ಯಾಟರಿಯೇ ವೀಕು’ ಎಂಬುದು ಮೊದಲನೆಯದು. ತಳ್ಳಿದಾಗ ಸೆಲ್ಫಿಗೆ ಕೆಲಸವಿಲ್ಲ. ಕಾಯಿಲಿಗೆ ಬೇಕಾದ್ದು ಮೂರು ನಾಲ್ಕು ಆಂಪಿಯರ್. ಅದೇ 0.01 ಓಮಿನ ಕೀಲಿನಲ್ಲಿ ಆಗ ನಷ್ಟವಾಗುವುದು 0.04 ವೋಲ್ಟ್ ಮಾತ್ರ. ಹಾಗಾಗಿ ಕೆಟ್ಟ ಅರ್ತಿನ ಕಾರೂ ತಳ್ಳಿದರೆ ಖುಷಿಯಿಂದ ಹೊರಡುತ್ತದೆ. ಎರಡನೆಯದು ಇನ್ನೂ ಗಟ್ಟಿ: ‘ಹೊಸ ಬ್ಯಾಟರಿ ಹಾಕಿದ ಕೂಡಲೇ ಸರಿಹೋಯಿತು.’ ಹೋಗುತ್ತದೆ, ಯಾಕೆಂದರೆ ಹೊಸದನ್ನು ಕೂರಿಸುವ ಹುಡುಗ ಟರ್ಮಿನಲ್ಲಿನ ಬಿಳಿ ಪುಡಿಗೆ ಬಿಸಿನೀರು ಹಾಕಿ, ಎಮರಿ ಪೇಪರಿನಲ್ಲಿ ಉಜ್ಜಿ, ನಟ್ಟು ಬಿಗಿ ಮಾಡಿರುತ್ತಾನೆ. ರೋಗ ವಾಸಿಯಾದದ್ದು ಉಜ್ಜಿದ್ದಕ್ಕೆ, ಹೆಸರು ಬಂದದ್ದು ಬ್ಯಾಟರಿಗೆ. ಹಳೆಯದು ಎಕ್ಸ್‌ಚೇಂಜಿಗೆ ಹೋಗುವುದರಿಂದ ಸಾಕ್ಷಿಯೂ ಉಳಿಯದು. ಅಂಗಡಿಯವರನ್ನು ದೂರಿ ಫಲವಿಲ್ಲ. ಉಜ್ಜಿದ್ದಕ್ಕೆ ಬಿಲ್ಲು ಹಾಕಿದರೆ ನಾವೇ ಚೌಕಾಸಿ ಮಾಡುತ್ತೇವೆ. ಹಳೇ ಬೆಂಗಳೂರು–ಮೈಸೂರು ರಸ್ತೆಯ ಪಕ್ಕದ ಗ್ಯಾರೇಜುಗಳಿಗೆ, 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಹೋದ ಮೇಲೆ, ದಾರಿಹೋಕ ಗಿರಾಕಿಯೂ ಮೊದಲಿನಷ್ಟಿಲ್ಲ.

ಮೂರನೆಯ ವಾದವನ್ನು ಒಪ್ಪಲೇಬೇಕು. ಬ್ಯಾಟರಿ ನಿಜಕ್ಕೂ ಸಾಯುತ್ತದೆ, ನಮ್ಮ ಬೇಸಿಗೆಯ ಬಿಸಿಲಿಗೆ ಬೇಗನೇ ಸಾಯುತ್ತದೆ. ಬಿಡದಿಯ ಹಳೇ ಡೀಸೆಲ್ ಕ್ವಾಲಿಸ್‌ಗೆ ಕಿಡಿಯ ಗೋಜಿಲ್ಲದಿದ್ದರೂ ಹೆಚ್ಚು ಒತ್ತಡದ ಎಂಜಿನ್ ತಿರುಗಿಸಲು ಸೆಲ್ಫಿಗೆ ಪೆಟ್ರೋಲ್ ಕಾರಿಗಿಂತ ಜಾಸ್ತಿ ಕರೆಂಟು ಬೇಕು. ಅಲ್ಲಿ ದಣಿದ ಬ್ಯಾಟರಿ ಬೇಗ ಸಿಕ್ಕಿಬೀಳುತ್ತದೆ. ಆದರೆ ಅದಕ್ಕೂ ಪರೀಕ್ಷೆಯುಂಟು. ಟರ್ಮಿನಲ್, ಅರ್ತ್ ಎಲ್ಲ ಉಜ್ಜಿ ಬಿಗಿ ಮಾಡಿ, ರಾತ್ರಿಯಿಡೀ ಚಾರ್ಜಿಗಿಟ್ಟು, ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬಗಳ ಮೇಲೇ ಮೀಟರ್ ಹಿಡಿಯಿರಿ. 9.6 ವೋಲ್ಟಿಗಿಂತ ಕೆಳಗಿಳಿದರೆ, ಸೆಲ್ಫ್ ಎಲ್ಲೂ ಹಿಡಿದುಕೊಂಡಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು, ಹೊಸ ಬ್ಯಾಟರಿ ತನ್ನಿ. ಗಾಡಿ ಸ್ಟಾರ್ಟ್ ಆದ ಮೇಲೆ ಇನ್ನೊಮ್ಮೆ ಮೀಟರ್ ಹಿಡಿದು, ಸುಮಾರು 13.8ರಿಂದ 14.4ರವರೆಗೆ ತೋರಿಸುತ್ತಿದೆಯೇ ನೋಡಿ; ಅದಕ್ಕಿಂತ ಕಡಿಮೆಯಿದ್ದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ, ಆ ಹೊಸ ಬ್ಯಾಟರಿಯೂ ಸ್ವಲ್ಪ ದಿನದಲ್ಲೇ ಮಲಗುತ್ತದೆ.