ಮನೆ ಕೊಳ್ಳುವ ಮುನ್ನ ನೋಡಿ ಹೇಳುವವರು ಬೇಕಾಗಿದ್ದಾರೆ
ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಕಟ್ಟಡ ಪರಿಶೀಲನಾ ವೃತ್ತಿಗಿರುವ ಅವಕಾಶ

ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ಕೊಳ್ಳುವ ವರ್ತಕರು ಚೀಲಕ್ಕೆ ಕೈ ಹಾಕಿ, ಕಾಯಿ ಒಡೆದು, ಬೀಜದ ತೇವ ನೋಡದೆ ದರ ಹೇಳುವುದಿಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಖರೀದಿಸುವವರು ಅಂಚು, ಸೆರಗು, ಜರಿಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾರೆ. ಇದೇ ಜನ ಜೀವಮಾನದ ಉಳಿತಾಯವನ್ನು ತೊಡಗಿಸಿ ಮನೆ ಕೊಳ್ಳುವಾಗ ಮಾತ್ರ ಖಾತೆ, ಕ್ರಯಪತ್ರ, ಋಣಭಾರ ಪ್ರಮಾಣಪತ್ರಗಳನ್ನು ಪರಿಶೀಲಿಸಿ ತೃಪ್ತರಾಗುತ್ತಾರೆ. ಗೋಡೆ, ಮಾಳಿಗೆ, ತಳಪಾಯಗಳನ್ನು ನೋಡಿ ಲಿಖಿತವಾಗಿ ಹೇಳುವವರು ನಮ್ಮಲ್ಲಿ ವಿರಳ.

ಬ್ಯಾಂಕಿನ ಮೌಲ್ಯಮಾಪಕರು ಬಂದು ಹೋಗಿದ್ದಾರಲ್ಲ ಎಂದು ಕೆಲವರು ಕೇಳಬಹುದು. ಅವರು ನೋಡುವುದು ಸಾಲಕ್ಕೆ ಆ ಸ್ವತ್ತು ಸಾಲುತ್ತದೆಯೇ ಎಂಬುದನ್ನು. ಸ್ನಾನದ ಮನೆಯ ಗೋಡೆ ಏಕೆ ಒದ್ದೆಯಾಗಿದೆ ಎಂಬುದು ಅವರ ವರದಿಯ ವಿಷಯವಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಪ್ರಕರಣದಂತೆ ಸ್ವಾಧೀನ ನೀಡಿದ 5 ವರ್ಷಗಳೊಳಗೆ ಕಂಡುಬಂದ ರಚನಾ ದೋಷಗಳನ್ನು ನಿರ್ಮಾಣಗಾರರು ಉಚಿತವಾಗಿ ಸರಿಪಡಿಸಿಕೊಡಬೇಕು. ಆದರೆ 500 ಚದರ ಮೀಟರ್ ಮೀರದ ನಿವೇಶನದ ಯೋಜನೆಗಳಿಗೆ ಆ ಕಾಯ್ದೆಯ ನೋಂದಣಿ ಕಡ್ಡಾಯವಲ್ಲ. ಮೇಸ್ತ್ರಿಯನ್ನು ಹಿಡಿದು ಮನೆ ಕಟ್ಟಿಸುವ ನಮ್ಮ ಪಟ್ಟಣಗಳಲ್ಲಿ ಈ ರಕ್ಷಣೆ ಬಹುಪಾಲು ಮಂದಿಗೆ ದೊರೆಯುವುದಿಲ್ಲ. ಹಣ ಕೈಬಿಡುವ ಮುನ್ನ ನೋಡಿಕೊಳ್ಳುವುದೊಂದೇ ದಾರಿ.

ಅಮೆರಿಕದಲ್ಲಿ ಈ ಕೆಲಸ 1970ರ ದಶಕದಲ್ಲಿ ಪ್ರತ್ಯೇಕ ವೃತ್ತಿಯಾಗಿ ರೂಪುಗೊಂಡು, 1976ರಲ್ಲಿ ಗೃಹ ಪರಿಶೀಲಕರ ಸಂಘವೇ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿಯೂ ಅಪಾರ್ಟ್‌ಮೆಂಟ್ ಖರೀದಿದಾರರಿಗಾಗಿ ಇಂತಹ ಸೇವೆ ನೀಡುವ ಸಂಸ್ಥೆಗಳಿವೆ. ಆದರೆ ಅವರ ಪಟ್ಟಿಗಳನ್ನು ತಂದು ಇಲ್ಲಿ ಬಳಸಿದರೆ ಪ್ರಯೋಜನವಾಗದು. ನಮ್ಮ ನೆಲ, ನೀರು, ಮನೆಗಳ ರೀತಿಯೇ ಬೇರೆ.

ಎರೆಮಣ್ಣು, ಸವಳು ನೀರು, ಮಾಳಿಗೆ

ಮೊದಲನೆಯದು ಎರೆಭೂಮಿ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಹೆಚ್ಚಾಗಿ ತಳಪಾಯದ ಚಲನೆಯ ಗುರುತು. ಗಾರೆಯ ಮೇಲಿನ ಕೂದಲೆಳೆಯ ಬಿರುಕು ಬೇರೆ. ಇವೆರಡನ್ನು ಬೇರ್ಪಡಿಸಿ ಹೇಳಬಲ್ಲವನೇ ಪರಿಶೀಲಕ. ಎರೆಮಣ್ಣಿನ ಚಲನೆ ಸುಮಾರು 3.5 ಮೀಟರ್ ಆಳದವರೆಗೂ ಇರಬಹುದಾದ ಕಾರಣ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಉಬ್ಬುಳ್ಳ ಕಾಂಕ್ರೀಟ್ ಕಂಬಗಳ ತಳಪಾಯವನ್ನು ರೂಪಿಸಿತು. ಆ ಮನೆಗೆ ಎಂತಹ ತಳಪಾಯ ಹಾಕಿದ್ದಾರೆ ಎಂದು ಕಟ್ಟಿದ ಮೇಸ್ತ್ರಿಯನ್ನೇ ಹುಡುಕಿ ಕೇಳುವುದು ನಮ್ಮೂರುಗಳಲ್ಲಿ ಸಾಧ್ಯ. ಮಹಾನಗರದ ಪರಿಶೀಲಕನಿಗೆ ಈ ಅನುಕೂಲವಿಲ್ಲ.

ಎರಡನೆಯದು ನೀರು. ಕೊಳವೆಬಾವಿಯ ಸವಳು ನೀರಿನಲ್ಲಿ ಕಾಂಕ್ರೀಟ್ ಕಲಸಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಭಾರತೀಯ ಮಾನಕ 456ರ ಪ್ರಕಾರ ಕಬ್ಬಿಣ ಬಳಸಿದ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ತಾರಸಿಯ ತಳಭಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಪದರ ಬಿಟ್ಟ ಕಡೆ ಟೊಳ್ಳು ಸದ್ದು ಬರುತ್ತದೆ. ಸುಣ್ಣಬಣ್ಣ ಬಳಿದು ಹೊಸದಾಗಿ ಕಾಣುವ ಮನೆಗಳಲ್ಲಿ ಈ ಪರೀಕ್ಷೆ ಅತ್ಯಗತ್ಯ.

ಮೂರನೆಯದು ಹಳೆಯ ಮಣ್ಣಿನ ಮಾಳಿಗೆ ಮನೆಗಳು. ಮಾಳಿಗೆಗೆ ಚೌಳು ಮಣ್ಣು ಹರಡುವ ಹಿರಿಯರ ಪದ್ಧತಿ ಅವೈಜ್ಞಾನಿಕವಲ್ಲ: ಸೋಡಿಯಂ ಅಂಶವುಳ್ಳ ಆ ಮಣ್ಣು ನೆನೆದಾಗ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ನೀರು ಇಳಿಯದಂತೆ ತಡೆಯುತ್ತದೆ. ಆದರೆ ವರ್ಷವರ್ಷವೂ ಮೇಲೆ ಮೇಲೆ ಹರಡಿದ ಮಣ್ಣಿನ ಭಾರವನ್ನು ತೊಲೆ, ಜಂತೆಗಳು ಹೊರಬೇಕು. ಗೋಡೆಯೊಳಗೆ ಸೇರಿರುವ ತೊಲೆಯ ತುದಿಗೆ ಗೆದ್ದಲು ಹಿಡಿದಿದ್ದರೆ ಹೊರಗೆ ಕಾಣುವುದಿಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು: ಗುಂಡಿ ಮಗ್ಗದ ಗುಂಡಿಯಲ್ಲಿ ಮಳೆಗಾಲದ ತೇವ ಏಳುತ್ತದೆಯೇ, ಜಕಾರ್ಡ್ ಚೌಕಟ್ಟಿನ ಭಾರ ಮಾಳಿಗೆಯ ತೊಲೆಯ ಮೇಲೆ ಬಿದ್ದಿದೆಯೇ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಸೀರೆ ನೇಯುವ ಮನೆಯೇ ನೇಕಾರನ ಕಾರ್ಖಾನೆ. ತೇವದಿಂದ ಕೆಟ್ಟರೆ ವಾಸವೂ ಹೋಯಿತು, ಕಸುಬೂ ಹೋಯಿತು.

ಮಳೆ ಕಡಿಮೆಯ ಸೀಮೆಯೆಂದು ಪ್ರವಾಹವನ್ನು ಮರೆಯುವಂತಿಲ್ಲ. ವಾಣಿವಿಲಾಸ ಸಾಗರವು 89 ವರ್ಷಗಳ ತರುವಾಯ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ, ವೇದಾವತಿಗೆ ತನ್ನದೇ ಪಾತ್ರವಿದೆಯೆಂಬುದು ದಂಡೆಯ ಊರುಗಳಿಗೆ ನೆನಪಾಯಿತು.

ನಮ್ಮ ಸದಸ್ಯರಿಗೆ ಗೋದಾಮಿನ ವಿಷಯ ಇನ್ನೂ ಹತ್ತಿರದ್ದು. 1990ರ ದಶಕದಲ್ಲಿ ಖಾದ್ಯತೈಲದ ಆಮದು ಸಡಿಲಗೊಂಡ ಮೇಲೆ ಎಣ್ಣೆ ಗಿರಣಿಗಳಿಗೆ ಪೆಟ್ಟು ಬಿತ್ತು. ನಿಂತುಹೋದ ಗಿರಣಿಯ ಕಟ್ಟಡವನ್ನು ದಾಸ್ತಾನಿಗೆ ಬಾಡಿಗೆ ಹಿಡಿಯುವವರು ನೆಲದ ತೇವ, ಶೀಟುಗಳ ಸಂದು, ಹಳೆಯ ವೈರಿಂಗ್, ಅರ್ಥಿಂಗ್‌ಗಳನ್ನು ನೋಡಿಸುವುದು ಲೇಸು. ತೇವದ ಗೋದಾಮಿನಲ್ಲಿ ಶೇಂಗಾಕ್ಕೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಸೇರಿದರೆ ಆಗುವ ನಷ್ಟದ ಮುಂದೆ ಪರಿಶೀಲನೆಯ ಶುಲ್ಕ ಅಲ್ಪ.

ವೃತ್ತಿಗೆ ಇಳಿಯುವವರಿಗೆ

ಭಾರತದಲ್ಲಿ ಗೃಹ ಪರಿಶೀಲಕರಿಗೆಂದು ಪ್ರತ್ಯೇಕ ಸರ್ಕಾರಿ ಪರವಾನಗಿಯಿಲ್ಲ. ಸಿವಿಲ್ ಡಿಪ್ಲೊಮಾ ಅಥವಾ ಪದವಿ ಪಡೆದು, ಮೂರು ನಾಲ್ಕು ವರ್ಷ ನಿರ್ಮಾಣ ಸ್ಥಳದಲ್ಲಿ ದುಡಿದವರಿಗೆ ಇದು ತಕ್ಕದ್ದು. ಚಳ್ಳಕೆರೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬೆಂಗಳೂರಿನ ಬಸ್ಸು ಹತ್ತುವ ಯುವಕ ಯುವತಿಯರು ಯೋಚಿಸಬಹುದು. ಬಂಡವಾಳ ದೊಡ್ಡದಲ್ಲ: ಟಾರ್ಚ್, ಏಣಿ, ಮಟ್ಟಗೋಲು, ತೇವಮಾಪಕ, ಸಾಕೆಟ್ ಪರೀಕ್ಷಕ, ಬಿರುಕಿನ ಅಗಲ ಅಳೆಯುವ ಪಟ್ಟಿ, ಒಂದು ಕ್ಯಾಮೆರಾ. ಸೇವಾ ಉದ್ಯಮವಾಗಿ ಉದ್ಯಮ್ ನೋಂದಣಿ ಮಾಡಿಸಬಹುದು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗದು. ಶುಲ್ಕ ಪಡೆದು ನೀಡುವ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ, ಏನನ್ನು ನೋಡಲಾಗಿದೆ, ಏನನ್ನು ನೋಡಲು ಸಾಧ್ಯವಾಗಲಿಲ್ಲ ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ರಚನೆಯ ಬಲದ ಬಗ್ಗೆ ಸಂದೇಹವಿದ್ದಲ್ಲಿ ಸ್ಟ್ರಕ್ಚರಲ್ ಇಂಜಿನಿಯರರ ಬಳಿಗೆ ಕಳುಹಿಸಬೇಕೇ ಹೊರತು ತಾನೇ ತೀರ್ಪು ನೀಡಬಾರದು.

ಎಲ್ಲಕ್ಕಿಂತ ಕಠಿಣವಾದುದು ಬೇರೆಯೇ ಇದೆ. ಸಣ್ಣ ಊರಿನಲ್ಲಿ ಮಾರುವವರು ನೆಂಟರು, ಕಟ್ಟಿದವರು ಸ್ನೇಹಿತರು, ದಲ್ಲಾಳಿ ದಿನವೂ ಎದುರಾಗುವವರು. ಮಾರಾಟ ತಪ್ಪಿಸಿದನೆಂಬ ಅಪವಾದ ಒಂದೆರಡು ವರ್ಷ ಬಂದೇ ಬರುತ್ತದೆ. ಅದಕ್ಕೆ ಅಂಜಿ ದಲ್ಲಾಳಿಯಿಂದ ಕಮಿಷನ್ ಪಡೆದರೆ, ಅಥವಾ ತಾನೇ ದೋಷ ತೋರಿಸಿ ತಾನೇ ದುರಸ್ತಿಯ ಗುತ್ತಿಗೆ ಹಿಡಿದರೆ, ಆ ವರದಿಗೆ ಕಾಗದದ ಬೆಲೆಯೂ ಉಳಿಯದು. ಶುಲ್ಕವನ್ನು ಕೊಳ್ಳುವವರಿಂದಲೇ, ಮುಂಗಡವಾಗಿ, ವ್ಯವಹಾರ ಕುದುರಲಿ ಬಿಡಲಿ ಒಂದೇ ದರದಲ್ಲಿ ಪಡೆಯಬೇಕು. ದುರಸ್ತಿ ಕೆಲಸವನ್ನು ಮುಟ್ಟಬಾರದು. ಕೇವಲ ಮನೆ ಖರೀದಿಗಳಿಂದ ಎರಡು ತಾಲ್ಲೂಕುಗಳಲ್ಲಿ ಒಬ್ಬರ ಜೀವನ ನಡೆಯುವುದು ಆರಂಭದಲ್ಲಿ ಕಷ್ಟವೇ. ಆದುದರಿಂದ ಗೋದಾಮು, ಬಾಡಿಗೆ ಮನೆ, ಗುತ್ತಿಗೆದಾರರ ಕೊನೆಯ ಕಂತಿಗೆ ಮುಂಚಿನ ತಪಾಸಣೆ ಇವನ್ನೂ ಸೇರಿಸಿಕೊಳ್ಳುವುದು ಜಾಣತನ. ಕುದಾಪುರದ ವಿಜ್ಞಾನ ಸಂಸ್ಥೆಗಳಿಗೆಂದು ಹೊರಗಿನಿಂದ ಬರುವವರು ಕೂಡ ಇಂತಹ ಸೇವೆಯನ್ನು ಬಯಸಬಹುದು.

ಪರಿಶೀಲನೆಯ ದಿನಾಂಕವನ್ನು ವರದಿಯ ಮೊದಲ ಪುಟದಲ್ಲಿಯೇ ನಮೂದಿಸಬೇಕು. ಎರೆಯ ಬಿರುಕು ಏಪ್ರಿಲ್–ಮೇ ತಿಂಗಳಲ್ಲಿ ಬಾಯಿ ತೆರೆದು, ಹಿಂಗಾರಿನಲ್ಲಿ ಮುಚ್ಚಿಕೊಳ್ಳುತ್ತದೆ. ಮಾಳಿಗೆಯ ಸೋರಿಕೆ ಬೇಸಿಗೆಯಲ್ಲಿ ಕಾಣುವುದೇ ಇಲ್ಲ. ಕೊಳ್ಳುವವರಿಗೆ ಅವಸರವಿಲ್ಲದಿದ್ದರೆ ಒಂದೇ ಶುಲ್ಕಕ್ಕೆ ಎರಡು ಭೇಟಿ, ಬೇಸಿಗೆಯಲ್ಲೊಂದು, ಮಳೆ ಬಿದ್ದ ಮೇಲೊಂದು ಎಂದು ನಿಗದಿ ಮಾಡಿಕೊಳ್ಳುವುದು ಉಭಯತ್ರರಿಗೂ ಅನುಕೂಲ.