ಗುಡ್ಡದ ಮೇಲೊಂದು ಓಣಿ: ಯಾರ ಮನೆಗಳಿವು?

ಪಂಥ ಕಟ್ಟೋಣವೇ? ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಗುಡ್ಡದ ಮೇಲೊಂದು ಓಣಿಯಿದೆ. ನಡುವೆ ಕೆರೆ. ಸುತ್ತಲೂ ಮನೆಗಳು. ಕರೆಂಟಿಲ್ಲ, ಟಾರು ರಸ್ತೆಯಿಲ್ಲ, ಮನೆ ಕಂದಾಯದ ಕಾಟವಂತೂ ಇಲ್ಲವೇ ಇಲ್ಲ! ಎಷ್ಟು ಮನೆಗಳಿರಬಹುದು? ಹೇಳಿ ನೋಡೋಣ.

ಇಪ್ಪತ್ತು? ಐವತ್ತು? ಏರಿಸಿ, ಇನ್ನೂ ಏರಿಸಿ!

ಉತ್ತರ ಈಗಲೇ ಕೊಡುವುದಿಲ್ಲ. ಮೊದಲು ಗುಡ್ಡ ಹತ್ತಿ.

ಊರು ಹಿರೇಬೆಣಕಲ್. ಗುಡ್ಡಕ್ಕೆ ಜನ ಕರೆಯುವ ಹೆಸರು ಮೊರೇರ ಬೆಟ್ಟ. ಬಂಡೆಗಳ ಸಂದಿಯಲ್ಲಿ ನುಸುಳುತ್ತ ಏರಬೇಕು. ದಾರಿಯಲ್ಲಿ ಕಲ್ಲಾಸರೆ ಕಂಡರೆ ತಲೆ ಎತ್ತಿ ನೋಡಿ. ಕೆಂಪು ಚಿತ್ರಗಳು! ಮನುಷ್ಯರು, ಪ್ರಾಣಿಗಳು!

ಮೇಲೆ ಬಂದಿರಾ? ನೋಡಿ ಈಗ!

ಎದ್ದು ನಿಂತ ಚಪ್ಪಡಿಗಳು, ಮೇಲೊಂದು ಚಪ್ಪಡಿಯೇ ಮಾಳಿಗೆ. ಗಾರೆಯಿಲ್ಲ, ಸುಣ್ಣವಿಲ್ಲ. ಕೆಲವು ಮನೆಗಳ ಗೋಡೆಯಲ್ಲಿ ದುಂಡನೆಯ ಕಿಂಡಿ. ಕೆಲವಕ್ಕೆ ಒಂದು ಬದಿ ಪೂರ್ತಿ ತೆರೆದೇ ಇದೆ. ಒಂದು ಮೊಣಕಾಲೆತ್ತರಕ್ಕೆ ನಿಂತರೆ, ಇನ್ನೊಂದು ಸುಮಾರು 3 ಮೀಟರ್! ಬಂಡೆಯ ಅಡಿಯನ್ನೇ ಕೋಣೆ ಮಾಡಿಕೊಂಡವೂ ಉಂಟು. ಇದನ್ನೆಲ್ಲ ಮೊರೇರು ಎಂಬ ಗಿಡ್ಡ ಜನ ಕಟ್ಟಿದರೆಂದು ಸುತ್ತಲಿನ ಊರವರು ಹೇಳುತ್ತಾರೆ. ಗಿಡ್ಡರಿಗೆ 3 ಮೀಟರಿನ ಮನೆಯೇ? ಇರಲಿ ಬಿಡಿ, ಕತೆ ಚೆನ್ನಾಗಿದೆ!

ಇಷ್ಟು ಕಲ್ಲು ಬಂದದ್ದೆಲ್ಲಿಂದ? ಊಹಿಸಿ. ಕೆರೆಯಿಂದ! ಇಲ್ಲಿನ ಗ್ರಾನೈಟು ಉಳ್ಳಾಗಡ್ಡಿಯ ಹಾಗೆ ಪದರ ಪದರವಾಗಿ ಸುಲಿಯುತ್ತದೆ. ಆ ಪದರಗಳನ್ನೇ ಎಬ್ಬಿಸಿದರು. ಕಲ್ಲೆದ್ದ ತಗ್ಗಿನಲ್ಲಿ ನೀರು ನಿಂತಿತು. ಒಂದೇ ದುಡಿಮೆ, ಅದರಲ್ಲೇ ಮನೆಗೆ ಕಲ್ಲು, ಓಣಿಗೆ ನೀರು! ಇಂದಿನ ಯಾವ ಬಡಾವಣೆಯವರಿಗೆ ಈ ಬುದ್ಧಿಯಿದೆ?

ಈಗ ಮನೆಯವರು ಯಾರೆಂದು ಹೇಳಿಬಿಡಲೇ?

ಸತ್ತವರು!

ಹೌದು. ಇದು ಕಬ್ಬಿಣ ಯುಗದ ಬೃಹತ್ ಶಿಲಾ ಸಮಾಧಿಗಳ ನೆಲೆ. ವಯಸ್ಸು 2,000 ವರ್ಷಕ್ಕೂ ಹೆಚ್ಚು. ಬದುಕಿದ್ದವರು ತೀರಿಹೋದ ತಮ್ಮವರಿಗಾಗಿ ಈ ಕಲ್ಲುಗಳನ್ನು ಎತ್ತಿ ನಿಲ್ಲಿಸಿದರು.

ಮನೆಗಳ ಲೆಕ್ಕ? ಸುಮಾರು 400! ನಿಮ್ಮ ಅಂದಾಜು ಎಷ್ಟಿತ್ತು?

ತಡೆಯಿರಿ, ಮುಗಿದಿಲ್ಲ. ಎತ್ತರದ ಬಂಡೆಯೊಂದರ ನೆತ್ತಿಯ ಮೇಲೆ ಅರೆಗೋಳದ ಗುಂಡೊಂದು ಕೂತಿದೆ. ಸುಮಾರು 2 ಮೀಟರ್ ಅಗಲ. ಬಡಿದರೆ ಏನಾಗುತ್ತದೆ? ಮೊಳಗುತ್ತದೆ! ನಗಾರಿ! ಕಲ್ಲಿನ ನಗಾರಿ! ಅದರ ಸದ್ದು ಒಂದು ಕಿಲೋಮೀಟರ್‌ವರೆಗೂ ಕೇಳುತ್ತದೆ. ಯಾರನ್ನು ಕರೆಯಲು ಬಾರಿಸುತ್ತಿದ್ದರೋ! ನನಗಂತೂ ಇಡೀ ಬೆಟ್ಟದಲ್ಲಿ ಇದನ್ನು ಮೀರಿಸುವ ಬೆರಗಿಲ್ಲ.

ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1835ರಲ್ಲೇ ಇಲ್ಲಿಗೆ ಬಂದು ಬೆರಗಾಗಿ ಬರೆದ. ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಇದು ಸೇರಿದ್ದು 2021ರಲ್ಲಿ. ನಾವೋ, ಸ್ಟೋನ್‌ಹೆಂಜ್‌ನ ಚಿತ್ರ ನೋಡಿ ಬಾಯಿ ಬಿಡುತ್ತೇವೆ. ಕೊಪ್ಪಳ–ಗಂಗಾವತಿ ಬಸ್ಸಿನಲ್ಲಿ ಕೂತವರು ಈ ಗುಡ್ಡದತ್ತ ಕಣ್ಣೆತ್ತುವುದೂ ಅಪರೂಪ!

ನಿಧಿಯಾಸೆಗೆ ಚಪ್ಪಡಿ ಕೆಡವಿದವರೂ ಇದ್ದಾರೆ. ಆದ್ದರಿಂದ ಒಂದೇ ಕೇಳಿಕೆ: ಬೆಳಗಿನ ತಂಪಿನಲ್ಲಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ನೀರಿನ ಬಾಟಲಿ ಹಿಡಿದು ಹತ್ತಿ. ಬಾಟಲಿ ವಾಪಸು ತನ್ನಿ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ!